ವಾಷಿಂಗ್ ಮೆಷೀನಿನ ಪಾಲನೆ, ಮಗಳ ವಿಲೇವಾರಿ

ಕೌಟುಂಬಿಕ ನ್ಯಾಯಾಲಯದ ನಕಲು ವಿಭಾಗದ ಮೇಲ್ವಿಚಾರಕರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಟೈಪಿಸ್ಟರ ಬೆರಳುಗಳು ಇನ್ನೂ ಅದೇ ವೇಗದಲ್ಲಿ ಓಡುತ್ತಿವೆಯೆಂದೂ ನಂಬಿ, ಕೈಮುಗಿದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳು ತಮ್ಮ ಮೇಜಿನ ಮೇಲೆ ಸುಖವಾಗಿರುವುದನ್ನು ಕಳೆದ ವಾರ ಕಣ್ಣಾರೆ ಕಂಡೆ. ಅವುಗಳ ಮೇಲೆ ತಾವು ಚಹಾ ಲೋಟ ಇಟ್ಟುಕೊಂಡಿದ್ದಿರಿ.

ನಾನೂ ಮಗಳ ಅಪ್ಪನೂ ಹನ್ನೆರಡು ವರ್ಷ ಸಂಸಾರ ಮಾಡಿ, ಎರಡು ವರ್ಷ ಕೋರ್ಟಿನ ಬೆಂಚು ಸವೆಸಿ, ಕೊನೆಗೆ ಪರಸ್ಪರ ಒಪ್ಪಿಗೆಯಿಂದ ಬೇರೆಯಾದೆವು. ನಮ್ಮ ಒಪ್ಪಂದದಲ್ಲಿ ಇದ್ದದ್ದು ಎರಡೇ ಪಟ್ಟಿ. ಮೊದಲನೆಯದರಲ್ಲಿ ಹತ್ತು ವರ್ಷದ ಮಗಳು, ಎರಡನೆಯದರಲ್ಲಿ ಇಬ್ಬರೂ ಬಿಟ್ಟುಕೊಡಲೊಪ್ಪದ ಒಂದು ವಾಷಿಂಗ್ ಮೆಷೀನು. ತಮ್ಮ ವಿಭಾಗವು ಆದೇಶವನ್ನು ಟೈಪು ಮಾಡುವಾಗ ಮಗಳ ಷರತ್ತುಗಳನ್ನು ಮೆಷೀನಿನ ಕೆಳಗೂ, ಮೆಷೀನಿನವನ್ನು ಮಗಳ ಕೆಳಗೂ ಕೂರಿಸಿತು. ಅದರಂತೆ ಮೆಷೀನು ಸೋಮವಾರದಿಂದ ಶುಕ್ರವಾರದವರೆಗೆ ತಾಯಿಯ ಬಳಿಯೂ, ಶನಿವಾರ ಭಾನುವಾರ ತಂದೆಯ ಬಳಿಯೂ ಇರತಕ್ಕದ್ದು. ಅದರ ಎದುರು ಒಬ್ಬರನ್ನೊಬ್ಬರು ಹಳಿಯತಕ್ಕದ್ದಲ್ಲ. ಅದರ ವಿದ್ಯಾಭ್ಯಾಸಕ್ಕೆ ತಂದೆ ತಿಂಗಳು ತಿಂಗಳು ಹಣ ಕೊಡತಕ್ಕದ್ದು. ಮಗಳನ್ನು ಮಾತ್ರ ತೊಂಬತ್ತು ದಿನಗಳೊಳಗೆ ಬೆಲೆ ಕಟ್ಟಿಸಿ ಮಾರಿ, ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು. ಯಾರಾದರೂ ಇಟ್ಟುಕೊಳ್ಳಬಯಸಿದರೆ ಇನ್ನೊಬ್ಬರಿಗೆ ಅರ್ಧ ಬೆಲೆ ಕೊಡತಕ್ಕದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಕೂಸಿನಿಂದ ನಾಲ್ಕು ಕಾಸು ಮಾಡಿಕೊಳ್ಳುವ ದಾರಿ ಹೊಳೆದದ್ದು ತಮ್ಮ ವಿಭಾಗಕ್ಕೇ.

ತಪ್ಪು ತಮ್ಮದೊಂದೇ ಅಲ್ಲ. ನಾನು ಹದಿನಾಲ್ಕು ವರ್ಷಗಳಿಂದ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ಹೊಟ್ಟೆ ಹೊರೆಯುವವಳು. ಆದರೂ ಆ ದಿನ ನಕಲು ಸರಿಯಿದೆಯೆಂದು ಹನ್ನೊಂದು ಪುಟಗಳಿಗೂ ಓದದೆ ಸಹಿ ಹಾಕಿದೆ. ಪಕ್ಕದ ಕುರ್ಚಿಯಲ್ಲಿ ಮಗಳ ಅಪ್ಪ ಮೂಗು ಸೇದುತ್ತಿದ್ದರು. ಅದು ನೆಗಡಿಯೋ ಅಳುವೋ ಎಂದು ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಬೇಗ ಅಲ್ಲಿಂದ ಎದ್ದರೆ ಸಾಕಾಗಿತ್ತು.

ನಮ್ಮ ವಕೀಲರು, "ತಿದ್ದುಪಡಿ ಆಗೋವರೆಗೂ ಆದೇಶ ಆದೇಶನೇ ಅಮ್ಮಾ, ಮೀರಿದ್ರೆ ನಿಮಗೇ ಕುತ್ತು" ಎಂದದ್ದರಿಂದ ಮೆಷೀನಿನ ವಿಷಯದಲ್ಲಿ ಚಾಚೂ ತಪ್ಪದೆ ನಡೆದುಕೊಂಡಿದ್ದೇವೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಮಗಳ ಅಪ್ಪ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಪ್ರತಿ ಶನಿವಾರ ಅದನ್ನು ಹೊತ್ತು ಏರುತ್ತಾರೆ. ಹಿಂದಿನಿಂದ ಮಗಳು ನೀರಿನ ಪೈಪು ಹಿಡಿದುಕೊಂಡು ಹೋಗುತ್ತಾಳೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೇಳಿದ ಹೊತ್ತಿಗೆ ಮನೆಗೆ ಬಾರದವರು ಭಾನುವಾರ ಆರು ಗಂಟೆಗೆ ಸರಿಯಾಗಿ ಮೆಷೀನು ತಂದೊಪ್ಪಿಸುವುದನ್ನು ಕಂಡಾಗ ತಮ್ಮ ಆದೇಶದ ಮಹಿಮೆಗೆ ತಲೆಬಾಗುತ್ತೇನೆ. ಬೈದಾಡಲೇಬೇಕೆನಿಸಿದರೆ ಮೆಷೀನನ್ನು ಬಚ್ಚಲಿಗೆ ಸೇರಿಸಿ, ಬಾಗಿಲು ಮುಚ್ಚಿ, ಮೆಟ್ಟಿಲ ಬಳಿ ಹೋಗಿ ಬೈದಾಡುತ್ತೇವೆ. ಮಗಳು ಅಲ್ಲೇ ಇರುತ್ತಾಳೆ, ಆದರೆ ಅವಳ ಬಗ್ಗೆ ಆದೇಶದಲ್ಲಿ ಅಂಥ ಷರತ್ತೇನೂ ಇಲ್ಲ.

ಅವರ ಕಂಪನಿಯ ಲೆಕ್ಕ ವಿಭಾಗದವರು ಸಂಬಳದಿಂದ ಹಣ ಹಿಡಿದಿಟ್ಟಿದ್ದಾರಾದರೂ ಮೆಷೀನಿಗೆ ಜೀವನಾಂಶ ಕೊಡುವ ಪದ್ಧತಿಯಿಲ್ಲವೆಂದು ನನಗೆ ಕಳಿಸಿಲ್ಲ. ಅದನ್ನಾದರೂ ಸಹಿಸಿಕೊಂಡೇನು. ಆದರೆ ಮಗಳ ಹಳೆಯ ಶಾಲೆ ನಾಲ್ಕನೇ ತರಗತಿಗೇ ಮುಗಿಯಿತು. ಹೊಸ ಶಾಲೆಯ ಮುಖ್ಯೋಪಾಧ್ಯಾಯಿನಿ ಆದೇಶವನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, "ಮಗು ಯಾರ ಸುಪರ್ದಿಗೆ ಅಂತ ಇದರಲ್ಲಿ ಇಲ್ವಲ್ಲಮ್ಮಾ, ನಾನು ಯಾರ ಸಹಿ ತಗೊಳ್ಳಲಿ?" ಎಂದರು. ಅಲ್ಲಿ ಸೇರಿಸಲು ಕೊನೆಯ ದಿನ ಈ ಶುಕ್ರವಾರ. ಮಗಳನ್ನು ಮಾರಲು ತಾವು ಕೊಟ್ಟ ಗಡುವೂ ಅಂದೇ ತೀರುತ್ತದೆ. ನಮ್ಮ ತಿದ್ದುಪಡಿ ಅರ್ಜಿಯ ವಿಚಾರಣೆಗೆ ಇನ್ನೂ ನಾಲ್ಕು ತಿಂಗಳಿದೆ.

ಆದ್ದರಿಂದ ತಾವು ದಯಮಾಡಿ, ಪೋಷಕರು ಯಾರೆಂಬುದು ಸ್ಪಷ್ಟವಾಗಿರುವ ನಮ್ಮ ಮೆಷೀನನ್ನೇ ಐದನೇ ತರಗತಿಗೆ ಸೇರಿಸಿಕೊಳ್ಳುವಂತೆ ಶಾಲೆಗೆ ಬರೆಯಬೇಕು. ಮಗಳು ಅದರ ಬದಲಿಗೆ ಹಾಜರಾಗುತ್ತಾಳೆ. ಅದಾಗದಿದ್ದರೆ, ಈ ಹುಡುಗಿ ಇದುವರೆಗೆ ಮಾರಾಟವಾಗಿಲ್ಲ ಎಂದಾದರೂ ಮೊಹರು ಒತ್ತಿ ಕೊಡಬೇಕು.

ಇಷ್ಟನ್ನೂ ನಗುನಗುತ್ತಲೇ ಬರೆಯಬೇಕೆಂದಿದ್ದೆ. ಆದರೆ ಮೊನ್ನೆ ಮಗಳು ಆದೇಶವನ್ನು ಓದಿಬಿಟ್ಟಿದ್ದಾಳೆ. ನೋಟುಬುಕ್ಕಿನ ಹಾಳೆಯಲ್ಲಿ ತನಗೆ ತಾನೇ ಬೆಲೆ ಕಟ್ಟಿ ತಂದಳು. ಒಂದು ಹಲ್ಲು ಇಲ್ಲ, ಭಾಗಾಕಾರ ಬರುವುದಿಲ್ಲ, ಪಾತ್ರೆ ಒರೆಸಲು ಬರುತ್ತದೆ ಎಂದೆಲ್ಲ ಬರೆದು, ಕಳೆದು ಕೂಡಿ, ತೀರಾ ಕಡಿಮೆ ಮೊತ್ತ ಹಾಕಿದ್ದಳು. ಇಷ್ಟು ಕಡಿಮೆ ಏಕೆ ಎಂದು ಕೇಳಿದೆ. "ಕಮ್ಮಿ ಇದ್ರೆ ನೀನೂ ಅರ್ಧ ಕೊಡಬಹುದು, ಅಪ್ಪನೂ ಅರ್ಧ ಕೊಡಬಹುದು. ಆಗ ಇಬ್ರೂ ಇಟ್ಕೋಬಹುದಲ್ವಾ?" ಎಂದಳು. ಹಾಳೆಯನ್ನು ಅವರಿಗೆ ತೋರಿಸಿದೆ. ಮೂಗು ಸೇದಿದರು; ಈ ಸಲ ತಿರುಗಿ ನೋಡಿದೆ, ನೆಗಡಿಯಲ್ಲ.

ಈ ಪತ್ರದ ಎಲ್ಲ ಪುಟಗಳನ್ನೂ ಓದಿಯೇ ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ಒಂದು ವಾಷಿಂಗ್ ಮೆಷೀನಿನ ತಾಯಿ

ತಾ.ಕ.: ತಿದ್ದುಪಡಿಗೆ ಮಾರಾಟದ ವಸ್ತುವಿನ ಮೂಲ ರಸೀದಿ ಲಗತ್ತಿಸಬೇಕೆಂಬ ತಮ್ಮ ಕಚೇರಿಯ ಸೂಚನೆ ಇದೀಗ ತಲುಪಿತು. ಮೆಷೀನಿನ ರಸೀದಿ ವಾರಂಟಿ ಸಮೇತ ಇದೆ. ಮಗಳನ್ನು ಕೈಗೆ ಕೊಡುವಾಗ ಆಸ್ಪತ್ರೆಯವರು ಏನೂ ಕೊಡಲಿಲ್ಲ. ಜೋಪಾನ ಎಂದಷ್ಟೇ ಹೇಳಿದ್ದರು.