ನಾನು ಮಾಡಿಸಿದ ನಿಂಬೆಹಣ್ಣಿನ ಪ್ರಯೋಗ

ಎಂಬತ್ತರ ದಶಕದ ಮಾತು. ವರ್ಗವಾಗಿ ಮೈಸೂರಿನಿಂದ ಹಳೇಬೀಡಿನ ಹೈಸ್ಕೂಲಿಗೆ ವಿಜ್ಞಾನದ ಮೇಡಂ ಆಗಿ ಬಂದಾಗ ನನ್ನಲ್ಲಿ ಅಪಾರ ಉತ್ಸಾಹವಿತ್ತು. ಈಗ ಅದನ್ನು ನೆನೆಸಿಕೊಂಡರೇ ಸುಸ್ತಾಗುತ್ತದೆ!

ಬಸ್ತಿಹಳ್ಳಿ ಕಡೆಯ ಕುರಿ ಮೇಯಿಸುವವರ ಹಟ್ಟಿಯಿಂದ, ಕಲ್ಲು ಒಡೆಯುವವರ ಕೇರಿಯಿಂದ ನಾಲ್ವರು ಹುಡುಗಿಯರು ಹತ್ತನೇ ಕ್ಲಾಸಿಗೆ ಬರುತ್ತಿದ್ದರು. ಕೂರುವುದು ಕೊನೆಯ ಬೆಂಚು. ಪ್ರಶ್ನೆ ಕೇಳಿದರೆ ನೆಲ ನೋಡುವುದು. "ಸೈನ್ಸು ನಮ್ಮಂತೋರಿಗಲ್ಲ ಮಿಸ್" ಎಂದು ಅವರಲ್ಲೊಬ್ಬಳು ಹೇಳಿದ ದಿನವೇ ನಾನು ಶಪಥ ಮಾಡಿದೆ. ಇವರನ್ನು ಸೈನ್ಸಿಗೆ ಕಳಿಸಿಯೇ ತೀರುತ್ತೇನೆ!

"ಶಪಥ ಆಯ್ತಲ್ಲ, ಇನ್ನು ಕಾಫಿ ಸಿಗಬಹುದೇ?" ಎಂದರು ಪೋಸ್ಟಾಫೀಸಿನಿಂದ ಆಗ ತಾನೇ ಬಂದಿದ್ದ ನಮ್ಮ ಯಜಮಾನರು.

ಅಂದಿನಿಂದ ಪ್ರತಿ ಶನಿವಾರ ನಮ್ಮ ಮನೆಯ ಜಗಲಿಯ ಮೇಲೆ ಆ ಹುಡುಗಿಯರಿಗೆ ಪಾಠ. ಅವರಲ್ಲಿ ಕೆಂಪಮ್ಮನೆಂದರೆ ನನಗೆ ಒಂದು ಹಿಡಿ ಹೆಚ್ಚು ಪ್ರೀತಿ. ಕೆಟ್ಟ ಟಾರ್ಚು ಕೈಗೆ ಸಿಕ್ಕರೆ ಬಿಚ್ಚಿ ನೋಡದೆ ಬಿಡುವವಳಲ್ಲ. ಅವಳ ಅಪ್ಪ ಸಿದ್ದಪ್ಪ ಹೂಂ ಅಂದರೆ ಕಣಕಟ್ಟೆಯ ಸೋದರಮಾವನ ಮನೆಯಲ್ಲಿದ್ದುಕೊಂಡು, ಬಸ್ಸಿನಲ್ಲಿ ಅರಸೀಕೆರೆಗೆ ಓಡಾಡಿ ಪಿಯುಸಿ ಸೈನ್ಸ್ ಓದಬಹುದಿತ್ತು. ಊಹೂಂ ಅಂದರೆ ಬೇಸಿಗೆಯಲ್ಲೇ ಮದುವೆ. ಆ ಮಾತು ತೀರ್ಮಾನಿಸಲೆಂದೇ ಸೋದರಮಾವ ಬರುವ ಭಾನುವಾರ ಹಟ್ಟಿಗೆ ಬರುವವನಿದ್ದ.

ಅಪ್ಪನಿಗೂ ಮಾವನಿಗೂ ಮಗಳ ಬುದ್ಧಿವಂತಿಕೆ ಕಣ್ಣಾರೆ ಕಾಣಲಿ ಎಂದು ನಾನು ಯೋಚನೆ ಮಾಡಿದೆ. ಯೋಚನೆ ಮಾಡಿದ್ದೇ ತಪ್ಪು! ಭಾನುವಾರ ಮನೆಯಲ್ಲಿ ಮಾಡಿ ತೋರಿಸಿ ಎಂದು ನಾಲ್ವರಿಗೂ ನಿಂಬೆಹಣ್ಣು, ತಾಮ್ರದ ತಂತಿ, ತಗಡಿಗೆ ಹೊಡೆಯುವ ಬಿಳಿ ಮೊಳೆ ಹಂಚಿದೆ. ಹಣ್ಣಿಗೆ ಮೊಳೆ ಚುಚ್ಚಿ, ತಂತಿ ಚುಚ್ಚಿ, ಹಣ್ಣಿಂದ ಹಣ್ಣಿಗೆ ಸೇರಿಸಿ, ಕೊನೆಯ ಎರಡು ತುದಿ ನಾಲಿಗೆಗೆ ಮುಟ್ಟಿಸಿದರೆ ಚುರ್ ಎನ್ನುತ್ತದೆ. ಅದೇ ವಿದ್ಯುತ್ತು.

"ಒಳಗೆ ಕತ್ತಲು ಮಿಸ್, ಎಲ್ಲಿ ಕುಂತ್ಕಂಡ್ ಮಾಡ್ಲಿ?" ಎಂದಳು ಕೆಂಪಮ್ಮ.

"ಹೊಸ್ತಿಲ ಮೇಲೆ ಇಟ್ಕೋ, ಬೆಳಕಿರುತ್ತೆ."

"ಮನೇಲಿ ಏನಂತ ಕೇಳುದ್ರೆ?"

"ಪ್ರಯೋಗ ಮಾಡ್ತಿದ್ದೀನಿ, ನಮ್ ಮಿಸ್ಸೇ ಹೇಳಿಕೊಟ್ಟಿದ್ದು ಅಂತ ಧೈರ್ಯವಾಗಿ ಹೇಳು!"

ಹೇಳಿದಳು. ಧೈರ್ಯವಾಗಿಯೇ ಹೇಳಿದಳು.

ಸೋಮವಾರ ಬೆಳಿಗ್ಗೆ ದೇವರ ಮನೆಯಲ್ಲಿ ಕುಂಕುಮ ಇಡುತ್ತಿದ್ದೆ. ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಬಂದು ನೋಡಿದರೆ ಸಿದ್ದಪ್ಪ ಮತ್ತು ಸೋದರಮಾವ. ಇಬ್ಬರೂ ಜಗಲಿ ಹತ್ತದೆ ಅಂಗಳದಲ್ಲೇ ನಿಂತಿದ್ದರು. ಗೌರವವಿರಬೇಕು ಎಂದುಕೊಂಡೆ.

"ಅಮ್ಮಾರೇ, ನಮ್ಮನೇಲಿ ಪ್ರಯೋಗ ಮಾಡ್ಸಿದ್ದು ನೀವೇಯಾ?"

"ನಾನೇ!" ಎಂದೆ ಹೆಮ್ಮೆಯಿಂದ. "ನಿಮ್ಮ ಮಗಳ ಕೈಗುಣ ಬಹಳ ಚೆನ್ನಾಗಿದೆ ಸಿದ್ದಪ್ಪ. ನಿಮ್ಮನೆ ಒಂದೇ ಅಲ್ಲ, ನಾಲ್ಕು ಮನೇಲಿ ಮಾಡಿಸಿದ್ದೀನಿ. ಮುಂದಿನ ತಿಂಗಳು ಇಡೀ ಊರಿಗೇ ಮಾಡಿಸ್ತೀನಿ!"

ಸೋದರಮಾವ ಎರಡು ಹೆಜ್ಜೆ ಹಿಂದೆ ಸರಿದ.

"ಅಮಾಸೆ ದಿನ, ವಸ್ಲ ಮ್ಯಾಲೆ, ನಿಂಬೆಹಣ್ಣಿಗೆ ಮೊಳೆ ಜಡ್ಸಿದೀರಲ್ಲಮ್ಮಾ" ಎಂದ ಸಿದ್ದಪ್ಪ. "ನನ್ನೆಂಡ್ರು ನೋಡ್ದೇಟ್ಗೆ ಕುಸುದ್ ಬಿದ್ಲು. ಟಗರು ನೆನ್ನೆಯಿಂದ ಮೇವು ಮುಟ್ಟಿಲ್ಲ. ನಾವೇನ್ ಅನ್ಯಾಯ ಮಾಡಿದ್ವಿ ನಿಮ್ಗೆ?"

ಅಮಾವಾಸ್ಯೆಯೇ! ಕ್ಯಾಲೆಂಡರಿನಲ್ಲಿ ನಾನು ಭಾನುವಾರದ ಕೆಂಪು ಅಂಕಿಯನ್ನಷ್ಟೇ ನೋಡಿದ್ದೆ, ಪಕ್ಕದ ಕಪ್ಪು ಚುಕ್ಕೆಯನ್ನು ನೋಡಿರಲಿಲ್ಲ. ಮೈಸೂರಿನಲ್ಲಿ ಪ್ರಯೋಗ ಎಂದರೆ ಪ್ರಯೋಗಶಾಲೆಯಲ್ಲಿ ಮಾಡುವುದು. ಹಟ್ಟಿಯಲ್ಲಿ ಪ್ರಯೋಗ ಎಂದರೆ ಆಗದವರ ಮೇಲೆ ಮಾಡಿಸುವುದು. ಬಿ.ಎಸ್ಸಿ.ಯಲ್ಲಿ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

"ಅಯ್ಯೋ, ಅದಲ್ಲಪ್ಪ! ಇರಿ, ತೋರಿಸ್ತೀನಿ" ಎಂದು ಒಳಗೆ ಓಡಿದೆ. ಉಳಿದಿದ್ದ ನಿಂಬೆಹಣ್ಣುಗಳನ್ನು ತಂದು ಅವರೆದುರೇ ಮೊಳೆ ಚುಚ್ಚತೊಡಗಿದೆ. ಕೈತುಂಬ ಕುಂಕುಮ ಇತ್ತೆಂಬುದು ಹಣ್ಣು ಕೆಂಪಾದ ಮೇಲೆ ಗೊತ್ತಾಯಿತು! ಗಾಬರಿಯಲ್ಲಿ ತಂತಿಯ ತುದಿಗಳನ್ನು ನಾಲಿಗೆಗೆ ಒತ್ತಿಕೊಂಡೆ. ಚುರ್ರೆಂದಿತು. "ಆಂ!" ಎಂದು ಚೀರಿದೆ. ತಲೆಗೂದಲು ಬಿಚ್ಚಿಕೊಂಡಿತು.

"ಬಂತು ಕಣ್ಲಾ, ಮೈಮ್ಯಾಲೆ ಬಂತು!" ಎಂದು ಸೋದರಮಾವ ಗೇಟಿನತ್ತ ಓಡಿದ.

ಜಗಲಿಯಲ್ಲಿ ಕೂತಿದ್ದ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಸಾಕು ಮಾರಾಯ್ತಿ, ಇನ್ನೇನೂ ತೋರಿಸಬೇಡ" ಎಂದರು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು. ಮಾನ ಹೋದದ್ದಕ್ಕಲ್ಲ. ಆ ಹುಡುಗಿಯ ಓದಿಗೆ ನಾನೇ ನನ್ನ ಕೈಯಾರೆ ಮೊಳೆ ಹೊಡೆದಿದ್ದೆನಲ್ಲ ಎಂದು.

"ಅವ್ಳು ಇಸ್ಕೂಲ್ಗೆ ಬರಾಕಿಲ್ಲ ಅಮ್ಮಾರೇ. ಓದಿದ್ದು ಸಾಕು" ಎಂದ ಸಿದ್ದಪ್ಪ.

ಅಷ್ಟರಲ್ಲಿ ಅಪ್ಪನ ಹಿಂದೆಯೇ ಓಡಿ ಬಂದಿದ್ದ ಕೆಂಪಮ್ಮ ಗೇಟಿನಲ್ಲಿ ಕಾಣಿಸಿದಳು. ಏದುಸಿರು ಬಿಡುತ್ತಲೇ ಜಗಲಿಗೆ ಬಂದು, ಹಣ್ಣುಗಳನ್ನು ತನ್ನ ಲಂಗಕ್ಕೆ ಒರೆಸಿ, ತಂತಿ ಸರಿಪಡಿಸಿ, "ಅಪ್ಪಾ, ನಾಲ್ಗೆ ಚಾಚು" ಎಂದಳು. ಸಿದ್ದಪ್ಪ ಕಣ್ಣು ಮುಚ್ಚಿ ಚಾಚಿದ.

"ಚುರ್ ಅಂತೈತೆ!"

"ಏನಾದ್ರೂ ಆಯ್ತಾ ನಿಂಗೆ?"

"ಇಲ್ಲ." ಸ್ವಲ್ಪ ಯೋಚಿಸಿ ಕೇಳಿದ: "ಆಕಿರೋ ಮಾಟ ತೆಗಿಯಾಕಾಯ್ತದಾ?"

ನಾನು ಬಾಯಿ ತೆರೆದೆ. ವೈಜ್ಞಾನಿಕ ಮನೋಭಾವದ ಬಗ್ಗೆ ಒಂದು ಚಿಕ್ಕ ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಕೆಂಪಮ್ಮ ನನ್ನನ್ನೊಮ್ಮೆ ನೋಡಿದಳು, ಅಪ್ಪನನ್ನೊಮ್ಮೆ ನೋಡಿದಳು.

"ಆಯ್ತದಪ್ಪ. ಆದ್ರೆ ಇಲ್ಲಿ ಆಕೋದಷ್ಟೇ ಹೇಳ್ಕೊಡೋದು. ತೆಗಿಯೋದನ್ನ ಅರಸೀಕೆರೆ ಕಾಲೇಜ್ನಾಗೆ ಹೇಳ್ಕೊಡ್ತಾರೆ. ಸೈನ್ಸ್ ತಗಂಡ್ರೆ ಮಾತ್ರ."

ಯಜಮಾನರು ನನ್ನ ಕೈ ಅದುಮಿದರು. ನಾನು ಬಾಯಿ ಮುಚ್ಚಿದೆ. ಗೇಟಿನ ಆಚೆಯಿಂದ ಸೋದರಮಾವನ ದನಿ ಕೇಳಿತು: "ಬಾವಾ, ಕಳ್ಸು ಅತ್ಲಾಗೆ. ಮನೇಲೊಬ್ರು ಕಲ್ತಿರ್ಲಿ."

ಹೀಗೆ, ಕುರಿಹಟ್ಟಿಯ ಹುಡುಗಿಯೊಬ್ಬಳು ಸೈನ್ಸ್ ಸೇರಿದಳು. ನನ್ನ ಪ್ರೋತ್ಸಾಹದಿಂದಲ್ಲ, ನನ್ನ ಮೇಲಿನ ಭಯದಿಂದ! ಪಾಸೂ ಆದಳು. ಮುಂದೆ ಬಿ.ಎಸ್ಸಿ.ಗೆ ಹಾಸನದ ಹಾಸ್ಟೆಲ್ ಸೇರಿದಳು. ಆ ಸುದ್ದಿ ಕೇಳಿದ ದಿನ ನಾನೂ ಯಜಮಾನರೂ ಪಾಯಸ ಮಾಡಿಕೊಂಡು ಉಂಡೆವು.

ಅದಾದ ಮೇಲೊಮ್ಮೆ ಸಂತೆಯಲ್ಲಿ ಸಿದ್ದಪ್ಪ ಸಿಕ್ಕ. ಅವನ ಟಗರು ಮತ್ತೆ ಮೇವು ಬಿಟ್ಟಿತ್ತಂತೆ. "ಪಶುವೈದ್ಯರಿಗೆ ತೋರಿಸು, ಬೇಕಿದ್ದರೆ ನಾನೇ ಬಂದು ನೋಡ್ತೀನಿ" ಎಂದೆ.

ಅವನು ಗಾಬರಿಯಿಂದ ಕೈಮುಗಿದ.

"ಬ್ಯಾಡಿ ಅಮ್ಮಾರೇ, ತೆಪ್ ತಿಳ್ಕಬ್ಯಾಡಿ. ನಿಮ್ಗೆ ಆಕಾಕ್ ಮಾತ್ರ ಬರೋದು. ರಜಕ್ಕೆ ಮಗ್ಳು ಬತ್ತಾಳೆ ಬುಡಿ."