ಹಡಗಿನಲ್ಲಿ ಬಂದ ಗುಲಾಬಿ

ಒಂದು ಕಾಲಕ್ಕೆ ಪುಕ್ಕಟೆ ಬಾಳಿದ ಮನೆಗೆ ದುಡ್ಡು ಕೊಟ್ಟು ಅತಿಥಿಯಾಗಿ ಹೋಗಬಾರದು. ಹೋದರೂ ಉಂಡು, ಮಲಗಿ, ಬಾಯಿ ಮುಚ್ಚಿಕೊಂಡು ಬರಬೇಕು. ಈ ಎರಡು ಜಾಣತನಗಳಲ್ಲಿ ಒಂದೂ ನನಗಿರಲಿಲ್ಲ.

ಧಾರವಾಡದ ಆ ಹಳೆಯ ಮಿಶನ್ ಬಂಗಲೆ ನಾನು ಚಿಕ್ಕವನಿದ್ದಾಗ ಹೆಣ್ಣುಮಕ್ಕಳ ಹಾಸ್ಟೆಲ್ ಆಗಿತ್ತು. ನನ್ನ ಅವ್ವ ಅಲ್ಲಿ ಮೇಟ್ರನ್. ಹಿತ್ತಲಿನ ಕೋಣೆಗಳಲ್ಲಿ ನಮ್ಮ ಸಂಸಾರ. ಈಗ ಅದು ರಾತ್ರಿ ಹಾಸಿಗೆ, ಬೆಳಿಗ್ಗೆ ನಾಷ್ಟಾ, ಸುತ್ತ ತೋಟವಿರುವ ಹೆರಿಟೇಜ್ ಅತಿಥಿಗೃಹ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆಂದು ಮಗಳು ಅಲ್ಲೊಂದು ಕೋಣೆ ಬುಕ್ ಮಾಡಿದಳು. ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ನಾನೂ ಹೆಂಡತಿ ಸುಶೀಲಾಳೂ ಇಸ್ತ್ರಿ ಬಟ್ಟೆ ತೊಟ್ಟು ಹೊರಟೆವು. ನಮಗೆ ಸಿಕ್ಕ 'ರಾಯಲ್ ಸೂಟ್' ಹಿಂದೆ ಕಟ್ಟಿಗೆ ಒಟ್ಟುತ್ತಿದ್ದ ಕೋಣೆ. ಆಗ ಅಲ್ಲಿ ಚೇಳುಗಳು ಬಾಡಿಗೆ ಕೊಡದೆ ಇರುತ್ತಿದ್ದವು.

ಸಂಜೆ ಮ್ಯಾನೇಜರ್ ತೋಟ ತೋರಿಸಿದ. "ಈ ಗುಲಾಬಿ ನೋಡ್ರಿ ಸರ್, ದೊರಸಾನಿಯವ್ರು ಹಡಗಿನ್ಯಾಗ ತಂದದ್ದು. ದಿನಾ ತಾವ ನೀರು ಹಾಕ್ತಿದ್ರಂತ್ರಿ."

ನನಗೆ ಮೈಯೆಲ್ಲ ಉರಿಯಿತು. ಹಾಸ್ಟೆಲ್ ನಡೆಸುತ್ತಿದ್ದ ಬಿಳಿಯ ಹೆಂಗಸು, ನಾನು ಕಣ್ಣಾರೆ ಕಂಡ ಆ ದೊರಸಾನಿಗೆ ಹೂವೆಂದರೆ ಸೀನು. ಮೂಗಿಗೆ ಕರವಸ್ತ್ರ ಹಿಡಿಯದೆ ಆಕೆ ವರಾಂಡ ಇಳಿದವಳಲ್ಲ. ಆ ಗುಲಾಬಿಯ ಕಡ್ಡಿಯನ್ನು ರಾಯಾಪುರದ ಯಾರದೋ ಬೇಲಿಯಿಂದ ಬೇಡಿ, ಒದ್ದೆ ಅರಿವೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಂದವಳು ಅವ್ವ. ಇಟ್ಟದ್ದು ನನ್ನ ತೊಡೆಯ ಮೇಲೆ. ಮುಳ್ಳು ಚುಚ್ಚಿದ್ದು ನನಗೇ ಹೊರತು ಯಾವ ಹಡಗಿನ ಖಲಾಸಿಗೂ ಅಲ್ಲ. ಹುಡುಗಿಯರು ತಟ್ಟೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಗಿಡಕ್ಕೆ ಹೊತ್ತು ಹೊತ್ತು ಅವ್ವನ ಸೊಂಟ ಬಿದ್ದುಹೋಯಿತು. ಕೊನೆಗಾಲದಲ್ಲಿ ಆ ಸೊಂಟಕ್ಕೆ ಎಣ್ಣೆ ತಿಕ್ಕಿದವಳು ಸುಶೀಲಾ.

ಇದನ್ನೆಲ್ಲ ಮ್ಯಾನೇಜರ್‌ಗೆ ಹೇಳಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿದ. "ನೀವು ಹೇಳೋದು ಖರೇನ ಇರಬೇಕ್ರಿ. ಆದ್ರ ಬಂದವ್ರಿಗೆ ದೊರಸಾನಿನ ಬೇಕಲ್ರಿ! ತಟ್ಟಿ ತೊಳದ ನೀರು ಅಂದ್ರ ಯಾರು ಫೋಟೋ ತಗೀತಾರ್ರಿ?"

"ನಾಳೆ ನಾಷ್ಟಾದಾಗ ಎಲ್ಲಾರ ಮುಂದ ಹೇಳೇಬಿಡ್ತೇನಿ," ಎಂದು ಹೆಂಡತಿಯೆದುರು ಶಪಥ ಮಾಡಿದೆ.

"ಹೇಳ್ರಿ. ಅತ್ತಿ ಹೆಸರು ಹಿಡದ ಹೇಳ್ರಿ," ಅಂದಳು.

ಬೆಳಿಗ್ಗೆ ಪಕ್ಕದ ಮೇಜಿನಲ್ಲಿ ಮೈಸೂರಿನ ದಂಪತಿ ಗುಲಾಬಿಯನ್ನೂ ದೊರಸಾನಿಯನ್ನೂ ಕೊಂಡಾಡುತ್ತ ಅವಲಕ್ಕಿ ತಿನ್ನುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮ್ಯಾನೇಜರ್, ರಾಜಿ ಮಾಡಿಕೊಳ್ಳುವವನಂತೆ, "ಈ ಸರ್ ಇದ ಬಂಗ್ಲೆದಾಗ ಬೆಳದವರ್ರಿ," ಎಂದ. ಆ ಹೆಂಗಸು ಕುರ್ಚಿಯಿಂದ ಎದ್ದೇಬಿಟ್ಟರು. ಕೈ ಬೇರೆ ಮುಗಿದರು. "ಅಯ್ಯೋ ಹೌದಾ ಸಾರ್? ಹಾಗಾದ್ರೆ ನೀವು ಆ ದೊರಸಾನಿ ಮನೆತನದವರಾ?"

ನನ್ನ ಬಣ್ಣ ರೊಟ್ಟಿ ಹಂಚಿನದು. ಅದನ್ನು ಹಗಲು ಬೆಳಕಿನಲ್ಲಿ ನೋಡಿಯೂ ಕೇಳಿದರಲ್ಲ! ನಾನು ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದಾಗಲೂ ಜವಾನ ಸಹ ನನ್ನನ್ನು ಕಂಡು ಎದ್ದು ನಿಂತವನಲ್ಲ.

"ದೂರದ ಸಂಬಂಧ," ಅಂದೆ.

ಆಮೇಲೆ ಅವರು ನನ್ನನ್ನು ಗುಲಾಬಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ನಾನೂ ಗದ್ದ ಎತ್ತಿ ನಿಂತೆ.

ಮರಳುವಾಗ ಬಸ್ಸಿನಲ್ಲಿ ಸುಶೀಲಾ ಕಿಟಕಿಯ ಪಕ್ಕ ಕೂತಳು. ಹುಬ್ಬಳ್ಳಿ ಹತ್ತಿರವಾದಾಗ ಕಿಟಕಿಯಾಚೆಗೇ ನೋಡುತ್ತ ಕೇಳಿದಳು:

"ಹಂಗಾದ್ರ ನಮ್ಮತ್ತಿ ನಿಮಗ ಏನಾಗಬೇಕ್ರಿ?"