ಎಲಿ ಹಾಸಿ ಪಟ್ಟ ಫಜೀತಿ

ಟ್ಯಾರೋ ಎಲೆ ಹಿಡಿದು ಕೂತವಳ ಮುಂದೆ ಗಂಭೀರವಾಗಿ ಸುರುವಾದ ಮಾತು ಗಂಭೀರವಾಗಿ ಮುಗಿಯುವುದಿಲ್ಲ, ನಮ್ಮ ಕಡೆಯಂತೂ ಇಲ್ಲವೇ ಇಲ್ಲ. ಟ್ಯಾರೋ ಅಂದರೆ ಚಿತ್ರದ ಎಲೆಗಳು, ಇಸ್ಪೀಟಿಗಿಂತ ತುಸು ದೊಡ್ಡವು. ಕೇಳಲು ಬಂದವರು ತೆಗೆದುಕೊಟ್ಟ ಎಲೆಗಳನ್ನು ಒಂದು ಕ್ರಮದಲ್ಲಿ ಹಾಸಬೇಕು, ಯಾವ ಜಾಗದಲ್ಲಿ ಯಾವ ಚಿತ್ರ ಬಂತು ನೋಡಿ ಅರ್ಥ ಹೇಳಬೇಕು. ಪುಸ್ತಕದಲ್ಲಿರುವ ಹಾಸುಗಳು ನನಗೆ ಬೇಗ ಬೇಜಾರು. ಕೈ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತಾಗಲೂ ತಾಟಿನ ಸುತ್ತ ಶೇಂಗಾ ಇಟ್ಟು ಹೊಸ ಹಾಸು ಹುಡುಕುತ್ತಿರುತ್ತೇನೆ. ಕಾಲೂ ಹಾಗೇ. ಮನೆ ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿ, ಓಡಾಟ ಇಚಲಕರಂಜಿಗೆ, ಕೊಲ್ಹಾಪುರಕ್ಕೆ. ಒಂದು ಊರಲ್ಲಿ ಕೂತರೆ ಇನ್ನೊಂದು ಊರಲ್ಲಿ ಗ್ಯಾಸ್ ಆರಿಸದೆ ಬಂದಂತೆ ತಳಮಳ.

ಮಗ್ಗದ ಹಾಸು

ಇಚಲಕರಂಜಿಯಲ್ಲಿ ಗೆಳತಿಯ ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ಒಮ್ಮೆ ಪಾವರ್‌ಲೂಮ್ ಕಾರಖಾನೆಯ ಸಾಹುಕಾರರೊಬ್ಬರು ಬಂದರು. ಅಣ್ಣನ ಜೊತೆ ಮಾತು ಬಿಟ್ಟಿದ್ದಾರೆ. ಕಾರಖಾನೆ ಒಡೆದು ಎರಡು ಮಾಡಬೇಕೋ ಬೇಡವೋ, ಅದು ಪ್ರಶ್ನೆ.

ಅವರಿಗಾಗಿಯೇ ನಾನೊಂದು ಮಗ್ಗದ ಹಾಸು ಕಟ್ಟಿದೆ. ಉದ್ದಕ್ಕೆ ಇಟ್ಟ ಎಲೆಗಳು ಹಿರಿಯರಿಂದ ಬಂದದ್ದು, ಅಡ್ಡಕ್ಕೆ ಇಟ್ಟವು ತಾವೇ ಮಾಡಿಕೊಂಡದ್ದು. ನಡುವೆ ಅಣ್ಣನ ಹೆಸರಲ್ಲಿ ಒಂದು ಜಾಗ ಖಾಲಿ ಬಿಟ್ಟೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಸಾಹುಕಾರರು ಬಗ್ಗಿ ನೋಡಿ, "ತಂಗಿ, ಇದು ತಪ್ಪೈತಿ. ನಡುವ ಎಳಿ ಹರದೈತಿ" ಅಂದರು.

"ಹರದಿಲ್ರಿ, ಅದು ನಿಮ್ಮ ಅಣ್ಣಾರ ಜಾಗಾ."

"ಯಾರದರ ಇರಲಿ, ಹಿಂಗ ಬಿಟ್ರ ಬಟ್ಟೀ ಥಾನ ವಾಪಸ್ ಬರತೈತಿ. ಯಾಂವೂ ತಗೊಳಂಗಿಲ್ಲ!"

ಅವರಿಗೆ ತಡೆಯಲಾಗಲಿಲ್ಲ. ಫೋನ್ ತೆಗೆದು ಅಣ್ಣನಿಗೇ ಹಚ್ಚಿದರು. "ಅಣ್ಣಾ, ಇಲ್ಲೊಬ್ಬಾಕಿ ಹಾಸು ಹಾಕ್ಯಾಳ, ಪೂರಾ ಗೋಂಧಳ ಐತಿ. ನೀ ಬಂದು ನೋಡು. ನಿನ್ನಷ್ಟು ಯಾರಿಗೂ ತಿಳಿಯಂಗಿಲ್ಲ."

ಅಣ್ಣ ಸ್ಕೂಟರ್ ಹತ್ತಿ ಬಂದೇಬಿಟ್ಟರು. ಇಬ್ಬರೂ ನೆಲದ ಮೇಲೆ ಕೂತು ನನ್ನ ಎಲೆಗಳನ್ನು ಎತ್ತಿ ಎತ್ತಿ ಇಟ್ಟರು, ವಾದ ಮಾಡಿದರು, ಒಂದೇ ಕಪ್‌ಬಸಿಯಲ್ಲಿ ಚಹಾ ಕುಡಿದರು. ಕಾರಖಾನೆ ಒಡೆಯುವ ಮಾತೇ ಬರಲಿಲ್ಲ. ಹೋಗುವಾಗ ಅಣ್ಣ ನನ್ನ ಕಡೆ ಕನಿಕರದಿಂದ ನೋಡಿ ಹೇಳಿದರು: "ಪಾಪ, ಕೆಲಸಾ ಕಲ್ತಿಲ್ಲ. ನಾಳಿಂದ ನಮ್ಮ ಕಾರಖಾನಿಗೆ ಬಾ ತಂಗಿ, ಕಲಸ್ತೇವಿ."

ಸಾವಿನ ಎಲೆ

ಕೊಲ್ಹಾಪುರದಲ್ಲಿ ಜೈನ ವ್ಯಾಪಾರಿಗಳ ಮನೆಯ ಅತ್ತೆ ಸೊಸೆ ಒಟ್ಟಿಗೆ ಬಂದರು. ಮನೆಯಲ್ಲಿ ದಿನಾ ಕಿರಿಕಿರಿ, ಕಾರಣ ತಿಳಿಯಬೇಕು. ಕಿರಿಕಿರಿ ಹುಟ್ಟುವುದು ಅಡುಗೆಮನೆಯಲ್ಲೇ ಎಂದುಕೊಂಡು ನಾನು ಒಲೆ, ಕಟ್ಟೆ, ಬಾಗಿಲು ಎಂದು ಜಾಗ ಮಾಡಿ ಎಲೆ ಹಾಸಿದೆ. ಸರಿಯಾಗಿ ನಡುವೆ ಬಂದು ಕೂತಿತು ಸಾವಿನ ಎಲೆ: ಬಿಳಿ ಕುದುರೆಯ ಮೇಲೆ ಎಲುಬಿನ ಹಂದರ.

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು. ನಾನು ಗಡಬಡಿಸಿ, "ಹೆದರಬ್ಯಾಡ್ರಿ, ಇದು ಮನಶ್ಯಾರ ಸಾವಲ್ಲ. ಮನ್ಯಾಗ ಭಾಳ ಹಳೇದು ಏನೋ ಐತಿ, ಅದು ಹೋಗಿ ಹೊಸಾದು ಬರತೈತಿ ಅಂತ ಅರ್ಥ" ಅಂದೆ.

ಅತ್ತೆಯ ದನಿ ಸಣ್ಣಗಾಯಿತು. "ಮನ್ಯಾಗ ಭಾಳ ಹಳೇದು ಅಂದ್ರ... ನಾನ ಅಲ್ಲೇನವಾ?"

"ಅಯ್ಯ, ಬಿಡ್ರಿ ಅತ್ತಿ! ಫ್ರಿಜ್ ಐತೆಲ್ಲ!" ಅಂದಳು ಸೊಸೆ.

ಜೀವ ಉಳಿದ ಖುಷಿಯಲ್ಲಿ ಅತ್ತೆ ಅವತ್ತೇ ಹೊಸ ಫ್ರಿಜ್ ತರಿಸಿದರು. ಸಂಜೆ ಸೊಸೆಯ ಫೋನು, ಪಿಸುದನಿಯಲ್ಲಿ: "ಅಕ್ಕಾರ, ಭಾಳ ಉಪಕಾರ ಆತ್ರಿ. ಆ ಎಲಿ ಇನ್ನೊಮ್ಮಿ ತಗಸಾಕ ಬರತೈತೇನ್ರಿ? ನಮ್ಮವರ ಹಳೇ ಸ್ಕೂಟರ್ ಉಳದೈತಿ."

ನೇಸರಿ ಬಸ್ಸು

ಗಡಹಿಂಗ್ಲಜದಿಂದ ನೇಸರಿಗೆ ಹೊರಟಿದ್ದೆ. ಬಸ್ಸಿನಲ್ಲಿ ಸುಮ್ಮನೆ ಕೂರಲಾಗದೆ, ಪ್ರಯಾಣಕ್ಕೆಂದು ಹೊಸದಾಗಿ ಹೊಳೆದ ಹಾಸನ್ನು ತೊಡೆಯ ಚೀಲದ ಮೇಲೆ ಪರೀಕ್ಷೆ ಮಾಡುತ್ತಿದ್ದೆ. ಕಂಡಕ್ಟರ್ ಮರಾಠಿಯಲ್ಲಿ ಗದರಿದ, ಎಸ್‌ಟಿ ಬಸ್ಸಿನಲ್ಲಿ ಜೂಜು ನಡೆಯುವುದಿಲ್ಲ ಎಂದು. ಜೂಜಲ್ಲಪ್ಪ, ಭವಿಷ್ಯ ಎಂದು ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಬಸ್ಸು ನನ್ನ ಸುತ್ತ ಬಂದಿತ್ತು. ಖಾಲಿ ಹಾಲಿನ ಕ್ಯಾನ್ ಹಿಡಿದ ಅಜ್ಜನೊಬ್ಬ, "ಮೊದಲ ಈ ಬಸ್ಸಿನ ಭವಿಷ್ಯಾ ಹೇಳವಾ" ಅಂದ.

ಒಂದು ಎಲೆ ತೆಗೆದೆ. ರಥ! ನಾನು ಎದೆಯುಬ್ಬಿಸಿ, "ಎಲ್ಲೂ ಅಡ್ಡಿ ಇಲ್ರಿ, ಸರ್ರಂತ ಹೋಗ್ತೇವಿ" ಅಂದೆ.

ಮುಂದಿನ ಏರಿನಲ್ಲಿ ಬಸ್ಸು ಕೆಮ್ಮಿತು, ನಡುಗಿತು, ನಿಂತಿತು. ಎಲ್ಲರೂ ನನ್ನನ್ನೇ ನೋಡಿದರು. ಇಳಿದು ಓಡಿಹೋಗಲೇ ಎನ್ನಿಸಿತು. ಅಜ್ಜ ಮಾತ್ರ ಪಂಚೆ ಎತ್ತಿ ಕಟ್ಟಿ ಎದ್ದು ನಿಂತ. "ಹುಡುಗಿಗೆ ಏನೂ ಅನಬ್ಯಾಡ್ರಿ, ಆಕಿ ಹೇಳಿದ್ದು ಖರೇನ ಐತಿ. ರಥ ಅಂದಮ್ಯಾಲ ಜನಾನ ಎಳೀಬೇಕಲ್ಲ? ಇಳೀರಿ ಎಲ್ಲಾರೂ!"

ಗಿಡಕ್ಕೆ ಜೋತವ

ಕೊನೆಗೆ ನನ್ನ ಸರದಿ. ಆಜರಾದಲ್ಲಿ ಗೋಡಂಬಿ ವ್ಯಾಪಾರ ಮಾಡುವ ಹುಡುಗ ತನ್ನ ಕಡೆಯವರ ಜೊತೆ ನನ್ನನ್ನು ನೋಡಲು ಬರುವವನಿದ್ದ. ಹಿಂದಿನ ಸಂಬಂಧಗಳು ನನ್ನ ಕೆಲಸ ಕೇಳಿಯೇ ಮುರಿದಿದ್ದವು. ಅವ್ವ ಎಲೆಗಳನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದು, "ಬಾಯಿ ಬಿಟ್ಟಿ ಅಂದ್ರ ನೋಡು" ಅಂದಿದ್ದಳು.

ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗನ ತಾಯಿ ಕೇಳಿದರು, "ಹುಡುಗಿ ಏನ್ ಮಾಡತಾಳ್ರಿ?"

"ಕಾರ್ಡಿನ ಕೆಲಸಾ ರೀ" ಅಂದಳು ಅವ್ವ.

"ಚಲೋ ಆತ ನೋಡ್ರಿ! ನನ್ನ ಆಧಾರ್ ಕಾರ್ಡಿನ್ಯಾಗ ಫೋಟೋ ಭಾಳ ಕೆಟ್ಟ ಬಂದೈತಿ. ಬದಲಿ ಮಾಡಿಕೊಡ್ತಾಳೇನ್ರಿ?"

ನನಗೆ ಕೂರಲಾಗಲಿಲ್ಲ. ಒಳಗೆ ಹೋಗಿ ಡಬ್ಬಿಯಿಂದ ಕಟ್ಟು ಎಳೆದು, ಅಕ್ಕಿಕಾಳು ಉದುರಿಸುತ್ತಲೇ ಬಂದು ಹುಡುಗನ ಮುಂದೆ ಹರವಿದೆ. "ನನ್ನ ಕಾರ್ಡು ಇವ್ರಿ. ಒಂದು ತಗೀರಿ."

ಅವನು ನಕ್ಕು ಒಂದು ತೆಗೆದ. ಗಿಡಕ್ಕೆ ಒಂದು ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ಜೋತ ಮನುಷ್ಯನ ಎಲೆ.

ಇದೂ ಮುರಿಯಿತು ಅಂದುಕೊಂಡೆ. ಇದೊಂದು ಮುರಿಯಬಾರದು ಅಂತಲೂ ಆಗಲೇ ಗೊತ್ತಾಯಿತು, ಆ ನಗು ನನಗೆ ಹಿಡಿಸಿತ್ತು. ಅರ್ಥ ಹೇಳಲೆಂದು ಎಲೆಗೆ ಕೈ ಚಾಚಿದೆ.

ಅವ್ವ ಮುಂದೆ ಬಿದ್ದು, "ಯೋಗಾ ಮಾಡಾಕತ್ತಾನ್ರಿ!" ಅಂದಳು.

ಹುಡುಗನ ತಾಯಿ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹಂಗಾರ ಇಂವ ನಮ್ಮ ಹುಡುಗ ಅಲ್ಲ ಬಿಡ್ರಿ. ನಮ್ಮಾಂವಗ ಚಪ್ಪಲಿ ಹಾಕ್ಕೊಳ್ಳಾಕ ಬಗ್ಗಿದ್ರ ನಡಾ ಹಿಡೀತೈತಿ."

ಅಲ್ಲಿಯತನಕ ಪೇಪರಿನ ಹಿಂದೆ ಕೂತಿದ್ದ ಅಪ್ಪ ಪೇಪರ್ ಇಳಿಸಿ, "ಅದು ನಾನ್ರಿ. ಲಗ್ನ ಆದಾಗಿಂದ ಹಂಗ ಜೋತ ಬಿದ್ದೇನಿ" ಅಂದ.

ಅವ್ವನ ಕಣ್ಣು ಕೆಂಪಾದವು. ಹುಡುಗ ಮಾತ್ರ ಎಲೆಯನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಹೊಲ ಕೊಳ್ಳುವವನ ಹಾಗೆ ಅತ್ತಿತ್ತ ತಿರುಗಿಸಿ ನೋಡಿ, ನನ್ನ ಕಡೆ ಒಮ್ಮೆ ನೋಡಿ, ಅಪ್ಪನ ಕಡೆ ಸರಿದು ಕೂತ.

"ಮಾಮಾರ, ಆ ಟೊಂಗಿಗೆ ಇನ್ನೊಬ್ಬಂಗ ಜಾಗಾ ಐತೇನ್ರಿ?"